ಎಳೆಯರ ಕೈಗೆ ವಿದ್ಯುತ್ ವಿಮಾನ: ಆಯ್ಕೆ ಮತ್ತು ದೋಷಪರಿಹಾರ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣಗೊಂಡ ಲಕ್ಷ್ಮೀನರಸಿಂಹ ದೇವಾಲಯದ ಮುಂದೆ ನಿಂತವನಿಗೆ ‘ವಿಮಾನ’ವೆಂದರೆ ಗರ್ಭಗೃಹವೂ ಅದರ ಮೇಲಣ ಶಿಖರವೂ ಕೂಡಿದ ಕಟ್ಟಡ. ಪುರಾಣವನ್ನು ಕೇಳಿ ಬೆಳೆದವನಿಗೆ ಅದು ಪುಷ್ಪಕ. ಇಂದಿನ ವಿದ್ಯಾರ್ಥಿಗೆ ಅದು ಮೋಡಗಳ ನಡುವೆ ಸಾಗುವ ಯಂತ್ರ. ಅರ್ಥಗಳು ಮೂರಾದರೂ ಪದದ ಧಾತು ಒಂದೇ. ‘ಮಾ’ ಎಂದರೆ ಅಳೆಯುವುದು. ‘ವಿ’ ಎಂಬ ಉಪಸರ್ಗವು ಸೇರಿ, ವಿಶೇಷವಾಗಿ ಅಳೆದು ರಚಿಸಿದ್ದು ಎಂಬ ಭಾವವು ಮೂಡುತ್ತದೆ. ಅಳತೆ ತಪ್ಪಿದ ಶಿಖರವು ನಿಲ್ಲದು. ಅಳತೆ ತಪ್ಪಿದ ಯಂತ್ರವು ಹಾರದು. ಈ ಮಾತು ಮುನ್ನೂರು ಜನರನ್ನು ಹೊತ್ತೊಯ್ಯುವ ಮಹಾವಿಮಾನಕ್ಕೆ ಎಷ್ಟು ಸಲ್ಲುವುದೋ, ಶಾಲೆಯ ಬಯಲಿನಲ್ಲಿ ಮಕ್ಕಳು ಹಾರಿಸುವ ಮುಕ್ಕಾಲು ಕಿಲೋಗ್ರಾಂ ತೂಕದ ಕಿರುವಿಮಾನಕ್ಕೂ ಅಷ್ಟೇ ಸಲ್ಲುತ್ತದೆ.

ಹಾಸನ ಜಿಲ್ಲೆಗೂ ಆಕಾಶಕ್ಕೂ ಇರುವ ನಂಟು ಹೊಸದೇನಲ್ಲ. ಭಾರತದ ಭೂಸ್ಥಿರ ಉಪಗ್ರಹಗಳ ಮೇಲೆ ಕಣ್ಣಿಟ್ಟು ಅವನ್ನು ನಡೆಸುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಹಾಸನದಲ್ಲಿ ಸ್ಥಾಪಿತವಾದದ್ದು 1982ರಲ್ಲಿ. ಸಾಮಾನ್ಯರೂ ವಿಮಾನವೇರಬೇಕೆಂದು 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬಾಲ್ಯವನ್ನು ಕಳೆದದ್ದು ಹೇಮಾವತಿಯ ತಟದ ಗೊರೂರಿನಲ್ಲಿ. ಇಂತಹ ನೆಲದ ಶಾಲೆಗಳಲ್ಲಿ ವಿಜ್ಞಾನಸಂಘಕ್ಕೊಂದು ಪುಟ್ಟ ವಿಮಾನವಿರಲೆಂದು ಉಪಾಧ್ಯಾಯರು ಬಯಸುವುದೂ, ಹಳೆಯ ವಿದ್ಯಾರ್ಥಿಗಳು ಅದಕ್ಕೆ ದ್ರವ್ಯಸಹಾಯ ಮಾಡಲು ಮುಂದೆ ಬರುವುದೂ ಸಹಜವೇ ಆಗಿದೆ.

ಆದರೆ ಇಂತಹ ಯತ್ನಗಳು ಎಷ್ಟೋ ವೇಳೆ ಮೊದಲ ದಿನವೇ ಮುಗಿದುಹೋಗುತ್ತವೆ. ನೋಟಕ್ಕೆ ಸೊಗಸಾದ ಯುದ್ಧವಿಮಾನದ ಮಾದರಿಯೊಂದನ್ನು ತರುತ್ತಾರೆ, ಶಾಲೆಯವರೆಲ್ಲ ನೆರೆಯುತ್ತಾರೆ, ಮಗುವೊಂದು ನಿಯಂತ್ರಕವನ್ನು ಹಿಡಿಯುತ್ತದೆ, ಹತ್ತು ಕ್ಷಣಗಳಲ್ಲಿ ವಿಮಾನವು ನೆಲಕ್ಕೆ ಮೂಗು ಊರಿ ಮುರಿಯುತ್ತದೆ. ಮುರಿದ ರೆಕ್ಕೆ ಬೀರುವನ್ನು ಸೇರುತ್ತದೆ. ದಾನಿಗಳ ಹಣ ಹೋಯಿತೆಂಬುದು ಸಣ್ಣ ನಷ್ಟ. ‘ನನ್ನಿಂದಲೇ ಕೆಟ್ಟಿತು’ ಎಂದು ಆ ಮಗು ಮತ್ತೆ ಯಂತ್ರವನ್ನು ಮುಟ್ಟಲು ಅಂಜುವುದೇ ದೊಡ್ಡ ನಷ್ಟ. ವಾಸ್ತವದಲ್ಲಿ ಅಂತಹ ಪತನಗಳಲ್ಲಿ ಬಹುಪಾಲು ಹಾರಿಸಿದ ಕೈಯ ದೋಷದಿಂದ ಆದುವಲ್ಲ. ಆಯ್ಕೆಯ ದೋಷದಿಂದ, ಇಲ್ಲವೇ ಹಾರಿಸುವ ಮುನ್ನ ನೋಡಬೇಕಾದುದನ್ನು ನೋಡದ ದೋಷದಿಂದ ಆದುವು. ಈ ಎರಡನ್ನೂ ನಿವಾರಿಸುವ ಬಗೆಯನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಯಂತ್ರದ ಸ್ವರೂಪ

ರೇಡಿಯೋ ಅಲೆಗಳಿಂದ ನಡೆಸುವ ವಿದ್ಯುತ್ ವಿಮಾನವೊಂದು ಅಧಿಕೃತವಾಗಿ ಹಾರಿದ ದಾಖಲೆ ಇಂಗ್ಲೆಂಡಿನದು. 1957ರ ಜೂನ್ 30ರಂದು ಕರ್ನಲ್ ಟ್ಯಾಪ್ಲಿನ್ ಎಂಬುವರು ‘ರೇಡಿಯೋ ಕ್ವೀನ್’ ಎಂಬ ಮಾದರಿಯನ್ನು ಹಾಗೆ ಹಾರಿಸಿದರು. ಅಂದಿನ ಬ್ಯಾಟರಿಗಳು ಬಲು ಭಾರ, ಶಕ್ತಿಯೋ ಅಲ್ಪ. ಆದಕಾರಣ ಅನಂತರವೂ ಹಲವು ದಶಕಗಳ ಕಾಲ ಎಣ್ಣೆಯ ಎಂಜಿನ್ನಿನ ಮಾದರಿಗಳೇ ಮೇಲುಗೈ ಪಡೆದಿದ್ದವು. ಹಗುರವಾದ ಲಿಥಿಯಂ ಪಾಲಿಮರ್ ಬ್ಯಾಟರಿಯೂ ಬ್ರಷ್‌ಲೆಸ್ ಮೋಟಾರೂ ಬಳಕೆಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಇಂದು ಹೊಗೆಯಿಲ್ಲದೆ, ಜಿಡ್ಡಿಲ್ಲದೆ, ಹೆಚ್ಚು ಸದ್ದಿಲ್ಲದೆ ಕಿರುವಿಮಾನವನ್ನು ಹಾರಿಸಬಹುದು.

ಇದರ ಅಂಗಗಳು ಕೆಲವೇ. ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರು ಆಜ್ಞೆಯನ್ನು ಕಳುಹಿಸುತ್ತದೆ. ವಿಮಾನದ ಒಡಲೊಳಗಿನ ರಿಸೀವರು ಅದನ್ನು ಸ್ವೀಕರಿಸುತ್ತದೆ. ಸರ್ವೋ ಎಂಬ ಪುಟ್ಟ ಯಂತ್ರಗಳು ಆ ಆಜ್ಞೆಯಂತೆ ಚಲಿಸುವ ರೆಕ್ಕೆಪಟ್ಟಿಗಳನ್ನು ಎಳೆಯುತ್ತವೆ. ಬ್ಯಾಟರಿಗೂ ಮೋಟಾರಿಗೂ ನಡುವೆ ವೇಗನಿಯಂತ್ರಕವಿರುತ್ತದೆ. ಬಳಸುವವರು ಅದನ್ನು ಇ.ಎಸ್.ಸಿ. ಎಂದು ಕರೆಯುವರು. ಮೂಗನ್ನು ಏರಿಳಿಸುವುದು ಎಲಿವೇಟರ್, ಎಡಬಲಕ್ಕೆ ತಿರುಗಿಸುವುದು ರಡ್ಡರ್, ಪಕ್ಕಕ್ಕೆ ಓಲಿಸುವುದು ಏಲೆರಾನ್. ಹಿಂದಿನ ಸೆಟ್ಟುಗಳಲ್ಲಿ ಒಂದೇ ತರಂಗಾಂತರದಲ್ಲಿ ಇಬ್ಬರು ಹಾರಿಸಿದರೆ ಒಬ್ಬರ ಆಜ್ಞೆ ಮತ್ತೊಬ್ಬರ ವಿಮಾನಕ್ಕೆ ತಗುಲಿ ಅನಾಹುತವಾಗುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ಪ್ರತಿ ರಿಸೀವರೂ ತನ್ನ ಟ್ರಾನ್ಸ್‌ಮಿಟರಿಗೆ ಮಾತ್ರ ಓಗೊಡುವುದರಿಂದ ಆ ಭಯವು ಬಹುಮಟ್ಟಿಗೆ ತೊಲಗಿದೆ.

ಆಯ್ಕೆಯ ಕ್ರಮ

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ಕಾಳಗದ ವಿಮಾನವಲ್ಲ, ಕಲಿಯುವವರ ವಿಮಾನ. 1958ರಲ್ಲಿ ಅದೇ ಕಾರ್ಖಾನೆಯಿಂದ ಹೊರಬಂದ ‘ಪುಷ್ಪಕ್’ ಕೂಡ ಫ್ಲೈಯಿಂಗ್ ಕ್ಲಬ್ಬುಗಳ ಕಲಿಕೆಗೆ ಒದಗಿದ, ಒಡಲಿನ ಮೇಲ್ಗಡೆ ರೆಕ್ಕೆಯಿದ್ದ ಹಗುರ ವಿಮಾನ. ದೇಶವೇ ಕಲಿಕೆಯಿಂದ ಮೊದಲಿಟ್ಟಿತೆಂದ ಮೇಲೆ ಶಾಲೆಯೊಂದು ಜೆಟ್ ಮಾದರಿಯಿಂದ ಮೊದಲಿಡುವುದು ಉಚಿತವಲ್ಲ. ಮೊದಲ ವಿಮಾನವು ನಿಧಾನವಾಗಿ ಹಾರಬೇಕು, ತಪ್ಪನ್ನು ಕ್ಷಮಿಸಬೇಕು, ಮುರಿದರೆ ಮನೆಯಲ್ಲಿಯೇ ಅಂಟಿಸುವಂತಿರಬೇಕು.

ಈ ಮೂರು ಗುಣಗಳನ್ನು ಗುರುತಿಸುವ ಲಕ್ಷಣಗಳು ಹೀಗಿವೆ. ಒಂದನೆಯದಾಗಿ, ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿರಬೇಕು. ಭಾರವು ರೆಕ್ಕೆಯ ಕೆಳಗೆ ತೂಗುವುದರಿಂದ ವಿಮಾನವು ಓಲಿದರೂ ತಾನಾಗಿ ನೆಟ್ಟಗಾಗಲು ಇದು ನೆರವಾಗುತ್ತದೆ. ರೆಕ್ಕೆಯ ತುದಿಗಳು ಸ್ವಲ್ಪ ಮೇಲಕ್ಕೆ ಬಾಗಿದ್ದರೆ ಈ ಗುಣವು ಇಮ್ಮಡಿಸುತ್ತದೆ. ಎರಡನೆಯದಾಗಿ, ಒಡಲು ಬಾಗುವ ಫೋಮಿನದಾಗಿರಬೇಕು. ಬಾಲ್ಸಾ ಮರದ ಮಾದರಿ ಚೆಲುವಾದರೂ ಹೊಸಬರ ಕೈಯಲ್ಲಿ ಬೇಗ ಚೂರಾಗುತ್ತದೆ, ಇ.ಪಿ.ಓ., ಇ.ಪಿ.ಪಿ. ಎಂಬ ಫೋಮುಗಳು ಪೆಟ್ಟನ್ನು ತಾಳುತ್ತವೆ. ಮೂರನೆಯದಾಗಿ, ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೀಟರಿನಿಂದ ಒಂದೂಕಾಲು ಮೀಟರಿನಷ್ಟು ಅಗಲವಿದ್ದರೆ ಒಳ್ಳೆಯದು. ಬಹಳ ಚಿಕ್ಕದು ಗಾಳಿಗೆ ತರಗೆಲೆಯಾಗುತ್ತದೆ, ದೂರ ಹೋದರೆ ಕಾಣಿಸುವುದೂ ಇಲ್ಲ.

ತೂಕಕ್ಕೂ ರೆಕ್ಕೆಯ ವಿಸ್ತೀರ್ಣಕ್ಕೂ ಇರುವ ಪ್ರಮಾಣವನ್ನು ಲೆಕ್ಕ ಹಾಕುವುದು ಮಕ್ಕಳಿಗೆ ಒಳ್ಳೆಯ ಗಣಿತಪಾಠ. 120 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲವಿರುವ ರೆಕ್ಕೆಯ ವಿಸ್ತೀರ್ಣ 2160 ಚದರ ಸೆಂ.ಮೀ., ಅಂದರೆ 21.6 ಚದರ ಡೆಸಿಮೀಟರ್. ವಿಮಾನದ ಒಟ್ಟು ತೂಕ 750 ಗ್ರಾಂ ಆದರೆ, ಒಂದು ಚದರ ಡೆಸಿಮೀಟರು ಹೊರಬೇಕಾದ ಭಾರ ಸುಮಾರು 35 ಗ್ರಾಂ. ಕಲಿಯುವವರಿಗೆ ಈ ಸಂಖ್ಯೆ 40ನ್ನು ಮೀರದಿರುವುದು ಲೇಸು. ಇದಕ್ಕೆ ನಮ್ಮ ಸೀಮೆಯಲ್ಲಿ ವಿಶೇಷ ಕಾರಣವೂ ಉಂಟು. ಹಾಸನವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಒಂಬತ್ತರಷ್ಟು ತೆಳು. ಮಂಗಳೂರಿನಲ್ಲಿ ಸಲೀಸಾಗಿ ಏರುವ ವಿಮಾನವು ಇಲ್ಲಿ ತುಸು ಹೆಚ್ಚು ವೇಗವನ್ನು ಬೇಡುತ್ತದೆ. ಆದುದರಿಂದ ಹಗುರವಾದುದೇ ನಮಗೆ ಹಿತ.

ಮೋಟಾರಿನ ಶಕ್ತಿಗೂ ಒಂದು ಅಳತೆಯಿದೆ. ಒಂದು ಕಿಲೋಗ್ರಾಂ ತೂಕಕ್ಕೆ 160ರಿಂದ 220 ವಾಟ್ ಶಕ್ತಿಯಿದ್ದರೆ ಕಲಿಕೆಯ ವಿಮಾನಕ್ಕೆ ಸಾಕು. ಮೂರು ಕೋಶಗಳ, 11.1 ವೋಲ್ಟಿನ ಬ್ಯಾಟರಿಯು 12 ಆಂಪಿಯರ್ ಪ್ರವಾಹವನ್ನು ಕೊಟ್ಟರೆ ಸುಮಾರು 133 ವಾಟ್ ದೊರೆಯುತ್ತದೆ. ಮುಕ್ಕಾಲು ಕಿಲೋಗ್ರಾಂ ವಿಮಾನಕ್ಕೆ ಇದು ತಕ್ಕ ಶಕ್ತಿ.

ಅಂಗಡಿಯಲ್ಲಿ ಎಲ್ಲವನ್ನೂ ಒಳಗೊಂಡ ಸಿದ್ಧ ಪೆಟ್ಟಿಗೆಯೂ ದೊರೆಯುತ್ತದೆ, ಟ್ರಾನ್ಸ್‌ಮಿಟರನ್ನು ಬೇರೆ ಕೊಳ್ಳಬೇಕಾದ ಪೆಟ್ಟಿಗೆಯೂ ದೊರೆಯುತ್ತದೆ. ಮಾರ್ಗದರ್ಶಕರು ಹತ್ತಿರವಿಲ್ಲದ ಶಾಲೆಗೆ ಮೊದಲನೆಯದೇ ಯೋಗ್ಯ. ಓಲಾಟವನ್ನು ತಾನೇ ತಿದ್ದುವ ಗೈರೋ ಸಾಧನವಿದ್ದರೆ ಆರಂಭದಲ್ಲಿ ಬಹಳ ಉಪಕಾರ; ಆದರೆ ಕೈ ಪಳಗಿದ ಮೇಲೆ ಅದನ್ನು ನಿಲ್ಲಿಸಿ ಹಾರಿಸಲು ಬರುವಂತಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಬಿಡಿಭಾಗಗಳು ದೊರೆಯುವುವೇ ಎಂದು ವಿಚಾರಿಸಿಯೇ ಕೊಳ್ಳಬೇಕು. ಸಂಗ್ರಹವಾದ ಹಣವನ್ನೆಲ್ಲ ವಿಮಾನಕ್ಕೇ ಸುರಿಯದೆ, ಮೂರರಲ್ಲೊಂದು ಪಾಲನ್ನು ಪ್ರೊಪೆಲರುಗಳಿಗೆ, ಎರಡನೆಯ ಬ್ಯಾಟರಿಗೆ, ಒಳ್ಳೆಯ ಚಾರ್ಜರಿಗೆ ಮೀಸಲಿಡುವ ದಾನವೇ ದೀರ್ಘಕಾಲ ಬಾಳುತ್ತದೆ.

ಬ್ಯಾಟರಿಯ ವಿಷಯದಲ್ಲಿ ಜಾಗರೂಕತೆ

ಈ ವಿಮಾನದಲ್ಲಿ ನಿಜವಾಗಿ ಅಪಾಯಕರವಾದ ವಸ್ತುಗಳು ಎರಡು: ತಿರುಗುವ ಪ್ರೊಪೆಲರು ಮತ್ತು ಲಿಥಿಯಂ ಬ್ಯಾಟರಿ. ಬ್ಯಾಟರಿಯ ಒಂದು ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್, ಹಾರಾಟದ ಕೊನೆಯಲ್ಲಿ ಅದು 3.5ರ ಆಸುಪಾಸಿಗಿಂತ ಇಳಿಯದಂತೆ ನೋಡಿಕೊಳ್ಳಬೇಕು. ವಾರಗಟ್ಟಲೆ ಇಡುವುದಾದರೆ ಕೋಶಕ್ಕೆ 3.8 ವೋಲ್ಟಿನಷ್ಟಿರುವಂತೆ ಮಾಡಿ ಇಡಬೇಕು. ತುಂಬಿಯೋ ಬರಿದಾಗಿಯೋ ಇಟ್ಟರೆ ಅದು ಬೇಗ ಕೆಡುತ್ತದೆ. ಎಲ್ಲ ಕೋಶಗಳನ್ನೂ ಸಮಗೊಳಿಸುವ ಚಾರ್ಜರನ್ನೇ ಬಳಸಬೇಕು. 1300 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಗೆ 1.3 ಆಂಪಿಯರ್ ಪ್ರವಾಹವನ್ನು ಕೊಡುವುದು ಸುರಕ್ಷಿತ ಕ್ರಮ.

ಚಾರ್ಜು ಆಗುತ್ತಿರುವ ಬ್ಯಾಟರಿಯನ್ನು ಬಿಟ್ಟು ಅತ್ತಿತ್ತ ಹೋಗಲಾಗದು. ಅದನ್ನು ಮರದ ಮೇಜಿನ ಮೇಲಾಗಲಿ, ಪುಸ್ತಕದ ಬೀರುವಿನ ಬಳಿಯಾಗಲಿ ಇಡದೆ, ಸಿಮೆಂಟ್ ನೆಲದ ಮೇಲೆ ಇಟ್ಟು, ಪಕ್ಕದಲ್ಲಿ ಒಣಮರಳಿನ ಬಕೆಟ್ಟನ್ನು ಇರಿಸಿಕೊಳ್ಳಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸುವುದು ಸಲ್ಲದು. ಪೆಟ್ಟು ತಿಂದ ಬ್ಯಾಟರಿಯು ಸ್ವಲ್ಪ ಹೊತ್ತಿನ ಮೇಲೆ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಅದನ್ನು ಕೂಡಲೆ ಕೊಠಡಿಯೊಳಕ್ಕೆ ತರದೆ, ಹೊರಗೆ ಬಯಲಿನಲ್ಲಿಟ್ಟು ಅರ್ಧಗಂಟೆಯಾದರೂ ಗಮನಿಸಬೇಕು. ಈ ಕೆಲಸವೆಲ್ಲ ಉಪಾಧ್ಯಾಯರ ಹೊಣೆಯೇ ಹೊರತು ಮಕ್ಕಳದಲ್ಲ.

ಹಾರಾಟದ ಅವಧಿಯನ್ನೂ ಲೆಕ್ಕದಿಂದಲೇ ತಿಳಿಯಬಹುದು. ಮೇಲೆ ಹೇಳಿದ ಬ್ಯಾಟರಿಯಿಂದ ಸರಾಸರಿ 10 ಆಂಪಿಯರ್ ಸೆಳೆದರೆ ಸುಮಾರು ಎಂಟು ನಿಮಿಷದಲ್ಲಿ ಅದು ಬರಿದಾಗುತ್ತದೆ. ಐದನೆಯ ಒಂದು ಪಾಲನ್ನು ಉಳಿಸಿ ಇಳಿಸಬೇಕಾದ್ದರಿಂದ ಆರು ನಿಮಿಷಕ್ಕೆ ಗಡಿಯಾರವನ್ನು ನಿಗದಿ ಮಾಡುವುದು ಸರಿ.

ಬಯಲು ಮತ್ತು ಗಾಳಿ

ಹಾರಿಸುವ ಸ್ಥಳವನ್ನು ಆರಿಸುವುದು ವಿಮಾನವನ್ನು ಆರಿಸುವಷ್ಟೇ ಮುಖ್ಯ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳ ನಡುವೆ ಹಾರಿಸ ಹೊರಟರೆ ವಿಮಾನವು ಗರಿಗಳಲ್ಲಿ ಸಿಕ್ಕಿ, ಅದನ್ನು ತೆಗೆಯಲು ಮರವೇರುವ ಅಪಾಯವು ಬೇರೆ ಸೇರುತ್ತದೆ. ಹೊಳೆನರಸೀಪುರದ ಕಡೆ ಹೇಮಾವತಿಯೂ ನಾಲೆಗಳೂ ಹತ್ತಿರ. ನೀರಿಗೆ ಬಿದ್ದ ವಿಮಾನವನ್ನು ತರಲು ಮಕ್ಕಳು ಇಳಿಯದಂತೆ ಕಟ್ಟೆಚ್ಚರ ಬೇಕು. ಹಾಸನದಂತಹ ನಗರದ ಮೈದಾನಗಳಲ್ಲಿ ವಿದ್ಯುತ್ ತಂತಿಗಳೇ ಶತ್ರು. ತಂತಿಗೆ ಸಿಕ್ಕ ವಿಮಾನವನ್ನು ಯಾರೂ ಕೋಲಿನಿಂದ ಮುಟ್ಟದೆ ವಿದ್ಯುತ್ ಕಚೇರಿಗೆ ತಿಳಿಸಬೇಕು. ರಾಗಿಯ ಕುಯ್ಲು ಮುಗಿದ ಅರಕಲಗೂಡಿನ ಹೊಲಗಳೂ, ಬೇಸಗೆಯಲ್ಲಿ ಒಣಗಿದ ಕೆರೆಯಂಗಳಗಳೂ ಈ ಕೆಲಸಕ್ಕೆ ತಕ್ಕವು. ಕೂಳೆಯೂ ಹುಲ್ಲೂ ಇರುವ ನೆಲ ಬೀಳುವ ವಿಮಾನವನ್ನು ಮೆತ್ತಗೆ ತಡೆಯುತ್ತದೆ. ಹೊಲದ ಒಡೆಯರ ಅನುಮತಿಯನ್ನು ಪಡೆಯುವುದನ್ನು ಮಾತ್ರ ಮರೆಯಬಾರದು.

ಆಷಾಢದ ಗಾಳಿಯಲ್ಲಿ ಹೊಸಬರು ಹಾರಿಸದಿರುವುದೇ ವಿವೇಕ. ಮಾರ್ಗಶಿರದಿಂದ ಮಾಘದವರೆಗೆ ಮಂಜು ಕರಗಿದೊಡನೆ ಸಿಗುವ ಎರಡು ಗಂಟೆಗಳ ನಿಶ್ಚಲ ಹೊತ್ತು ಅತ್ಯುತ್ತಮ. ಒಂದು ಹಿಡಿ ಒಣಹುಲ್ಲನ್ನು ತೂರಿ, ಅದು ಬೀಳುವ ಬಗೆಯಿಂದ ಗಾಳಿಯ ದಿಕ್ಕನ್ನು ತಿಳಿಯಬಹುದು. ವಿಮಾನವನ್ನು ಯಾವಾಗಲೂ ಗಾಳಿಗೆ ಎದುರಾಗಿಯೇ ಬಿಡಬೇಕು, ಗಾಳಿಗೆ ಎದುರಾಗಿಯೇ ಇಳಿಸಬೇಕು.

ಕಾನೂನಿನ ಕಡೆಗೂ ಗಮನವಿರಬೇಕು. ಭಾರತ ಸರ್ಕಾರದ 2021ರ ಡ್ರೋನ್ ನಿಯಮಗಳು ಇಂತಹ ಮಾದರಿಗಳನ್ನೂ ಒಳಗೊಳ್ಳುತ್ತವೆ. ಆಕಾಶವನ್ನು ಹಸುರು, ಹಳದಿ, ಕೆಂಪು ವಲಯಗಳಾಗಿ ವಿಭಾಗಿಸಿದ ಸರ್ಕಾರಿ ನಕ್ಷೆಯನ್ನು ಮೊದಲು ನೋಡಬೇಕು. ಹಸುರು ವಲಯದಲ್ಲಿಯೂ 400 ಅಡಿಯನ್ನು ಮೀರಬಾರದು. ಹಾಸನದ ಸುತ್ತಮುತ್ತ ಇಸ್ರೋ ಕೇಂದ್ರವಿರುವುದರಿಂದ ಈ ಎಚ್ಚರ ಇಮ್ಮಡಿಯಾಗಿರಬೇಕು. ನೋಂದಣಿಯ ನಿಯಮಗಳನ್ನು ಉಪಾಧ್ಯಾಯರು ತಾವೇ ಓದಿ ಖಚಿತಪಡಿಸಿಕೊಳ್ಳತಕ್ಕದ್ದು.

ಹಾರಿಸುವ ಮುನ್ನ

ಮೊದಲು ಟ್ರಾನ್ಸ್‌ಮಿಟರನ್ನು ಚಾಲೂ ಮಾಡಿ, ವೇಗದ ಕಡ್ಡಿಯನ್ನು ಪೂರ್ತಿ ತಗ್ಗಿಸಿ, ಅನಂತರ ವಿಮಾನದ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಬ್ಯಾಟರಿಯನ್ನು ಮೊದಲು ಕಳಚಿ, ಟ್ರಾನ್ಸ್‌ಮಿಟರನ್ನು ಕೊನೆಗೆ ಆರಿಸಬೇಕು. ಕೊಠಡಿಯೊಳಗೆ ಪರೀಕ್ಷಿಸುವಾಗ ಪ್ರೊಪೆಲರನ್ನು ಬಿಚ್ಚಿಡುವುದು ಕಡ್ಡಾಯ.

ಮುಂದಿನದು ತೂಕದ ಸಮತೋಲ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಸಮತೋಲದ ಬಿಂದು ಇರಬೇಕು; 18 ಸೆಂ.ಮೀ. ಅಗಲದ ರೆಕ್ಕೆಗೆ ಇದು 4.5ರಿಂದ 6 ಸೆಂ.ಮೀ. ವಿಮಾನದೊಡನೆ ಬಂದ ಪುಸ್ತಿಕೆಯಲ್ಲಿ ಬಿಂದುವನ್ನು ಸೂಚಿಸಿದ್ದರೆ ಅದೇ ಪ್ರಮಾಣ. ಬ್ಯಾಟರಿಯನ್ನು ಜೋಡಿಸಿ, ಆ ಬಿಂದುವಿನಲ್ಲಿ ಎರಡು ಬೆರಳುಗಳಿಂದ ಎತ್ತಿದಾಗ ವಿಮಾನವು ತಕ್ಕಡಿಯ ದಂಡಿಗೆಯಂತೆ ಮಟ್ಟಸವಾಗಿ ನಿಲ್ಲಬೇಕು. ಮೂಗು ತುಸು ತಗ್ಗಿದ್ದರೆ ಚಿಂತೆಯಿಲ್ಲ. ಬಾಲ ತಗ್ಗಿದ್ದರೆ ಹಾರಿಸಲೇಬಾರದು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಇದನ್ನು ಸರಿಪಡಿಸಬಹುದು.

ಅನಂತರ ವಿಮಾನದ ಹಿಂದೆ ನಿಂತು ಕಡ್ಡಿಗಳನ್ನು ಪರೀಕ್ಷಿಸಬೇಕು. ಎಲಿವೇಟರಿನ ಕಡ್ಡಿಯನ್ನು ತನ್ನತ್ತ ಎಳೆದಾಗ ಬಾಲದ ಪಟ್ಟಿ ಮೇಲೇಳಬೇಕು. ಬಲಕ್ಕೆ ಒತ್ತಿದಾಗ ಬಲರೆಕ್ಕೆಯ ಏಲೆರಾನ್ ಮೇಲೇರಿ ಎಡರೆಕ್ಕೆಯದು ಕೆಳಗಿಳಿಯಬೇಕು. ಇದು ತಿರುಗುಮುರುಗಾಗಿದ್ದರೆ ಟ್ರಾನ್ಸ್‌ಮಿಟರಿನಲ್ಲಿ ತಿದ್ದಿಕೊಳ್ಳದ ಹೊರತು ಪತನವು ನಿಶ್ಚಯ. ಕೊನೆಯದಾಗಿ ದೂರದ ಪರೀಕ್ಷೆಯನ್ನೂ, ಸಂಕೇತ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವುದೇ ಎಂಬ ಪರೀಕ್ಷೆಯನ್ನೂ ಮಾಡಬೇಕು.

ದೋಷಗಳೂ ಪರಿಹಾರಗಳೂ

ವೈದ್ಯನು ನಾಡಿಯನ್ನು ಹಿಡಿಯದೆ ಮದ್ದು ಕೊಡುವುದಿಲ್ಲ. ಯಂತ್ರದ ದೋಷವನ್ನೂ ಲಕ್ಷಣದಿಂದ ಕಾರಣಕ್ಕೆ ಸಾಗಿ ಅರಿಯಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ತಿದ್ದಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕಾರಣವೆಂಬುದು ತಿಳಿಯದೆ ಹೋಗುತ್ತದೆ.

ಮೋಟಾರು ತಿರುಗದೆ ಬರಿದೆ ಕೂಗುತ್ತಿದ್ದರೆ, ವೇಗದ ಕಡ್ಡಿ ಪೂರ್ತಿ ತಗ್ಗಿಲ್ಲವೆಂದೋ ವೇಗನಿಯಂತ್ರಕಕ್ಕೆ ಕಡ್ಡಿಯ ಅಳತೆಯನ್ನು ಕಲಿಸಿಲ್ಲವೆಂದೋ ತಿಳಿಯಬೇಕು. ನಡುಗುತ್ತ ನಿಂತುಬಿಟ್ಟರೆ ಮೂರು ತಂತಿಗಳಲ್ಲಿ ಒಂದು ಸಡಿಲವಾಗಿರುತ್ತದೆ. ಹಿಮ್ಮುಖವಾಗಿ ತಿರುಗಿದರೆ ಆ ಮೂರರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಮೋಟಾರು ಸರಿಯಾಗಿ ತಿರುಗಿಯೂ ವಿಮಾನಕ್ಕೆ ಎಳೆತವಿಲ್ಲದಿದ್ದರೆ ಪ್ರೊಪೆಲರನ್ನು ಹಿಂದುಮುಂದಾಗಿ ಹಾಕಿರುವ ಸಂಭವವುಂಟು. ಅಂಕೆಗಳನ್ನು ಅಚ್ಚೊತ್ತಿದ ಮುಖವು ವಿಮಾನ ಸಾಗುವ ದಿಕ್ಕಿಗೆ ಇರಬೇಕು.

ಕೈಯಿಂದ ಬಿಟ್ಟೊಡನೆ ಮೂಗು ನೆಲಕ್ಕೆ ಬಾಗಿದರೆ ಎಸೆತ ದುರ್ಬಲ, ವೇಗ ಸಾಲದು, ಅಥವಾ ಮೂಗು ಭಾರ. ಮೇಲಕ್ಕೆ ನೆಗೆದು, ನಿಂತಂತಾಗಿ, ಒಂದು ರೆಕ್ಕೆ ಕುಸಿದು ಬಿದ್ದರೆ ಬಾಲ ಭಾರ, ಅಥವಾ ಗಾಬರಿಯಲ್ಲಿ ಕಡ್ಡಿಯನ್ನು ಅತಿಯಾಗಿ ಎಳೆದದ್ದು ಕಾರಣ. ಏರುವುದಕ್ಕೆ ಎಳೆಯಬೇಕೆಂಬುದು ಹೊಸಬರ ಭ್ರಮೆ. ವೇಗವಿಲ್ಲದ ವಿಮಾನವನ್ನು ಎಳೆದಷ್ಟೂ ಅದು ಬೀಳುತ್ತದೆ. ಮೂಗನ್ನು ಬಾಗಲು ಬಿಟ್ಟು, ವೇಗವನ್ನು ಹೆಚ್ಚಿಸಿ, ಅನಂತರ ಮೆಲ್ಲನೆ ಎತ್ತಬೇಕು. ಸದಾ ಎಡಕ್ಕೆ ವಾಲುತ್ತಿದ್ದರೆ ಪ್ರೊಪೆಲರಿನ ತಿರುಚುಬಲವೋ ಸೊಟ್ಟಗಾದ ರೆಕ್ಕೆಯೋ ಕಾರಣವಾಗಿರಬಹುದು. ರೆಕ್ಕೆಯನ್ನು ಹಿಂದಿನಿಂದ ನೋಡಿ, ಸೊಟ್ಟವಿಲ್ಲವಾದರೆ ಟ್ರಿಮ್ ಗುಂಡಿಯಿಂದ ತಿದ್ದಬೇಕು.

ಹಾರುತ್ತಿರುವಾಗ ಮೋಟಾರು ಬಿಟ್ಟು ಬಿಟ್ಟು ಮಿಡಿದರೆ ಅದು ಕೆಟ್ಟಿತೆಂದು ಭಾವಿಸಲಾಗದು. ಬ್ಯಾಟರಿ ಮುಗಿಯುತ್ತ ಬಂದಿದೆಯೆಂದು ವೇಗನಿಯಂತ್ರಕವು ಕೊಡುವ ಎಚ್ಚರಿಕೆ ಅದು. ಕಡ್ಡಿಗಳಿಗೆ ಬೇಕಾದ ವಿದ್ಯುತ್ತನ್ನು ಅದು ಉಳಿಸಿಕೊಟ್ಟಿರುತ್ತದೆ, ತಡಮಾಡದೆ ಇಳಿಸಬೇಕು. ಸರ್ವೋಗಳು ಅಕಾರಣವಾಗಿ ಕಂಪಿಸಿದರೆ ಸಡಿಲವಾದ ಕೊಂಡಿಯನ್ನು, ಮುರಿದ ಆಂಟೆನಾವನ್ನು ಹುಡುಕಬೇಕು. ಒಡಲೆಲ್ಲ ನಡುಗಿದರೆ ಪ್ರೊಪೆಲರಿನ ಅಂಚು ಮುಕ್ಕಾಗಿದೆ, ಅಥವಾ ಮೋಟಾರಿನ ದಂಡ ಬಾಗಿದೆ. ಮುಕ್ಕಾದ ಪ್ರೊಪೆಲರನ್ನು ಅಂಟಿಸಿ ಬಳಸಕೂಡದು. ಇಳಿದ ಮೇಲೆ ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಪ್ರೊಪೆಲರು ಅದರ ಶಕ್ತಿಗೆ ಮೀರಿದ್ದು.

ಎಲ್ಲವೂ ಸರಿಯಿದ್ದು, ವಿಮಾನವು ತನ್ನತ್ತ ತಿರುಗಿ ಬರುವಾಗ ಮಾತ್ರ ಕೈ ತಪ್ಪುವುದುಂಟು. ಆಗ ಎಡಬಲಗಳು ಅದಲುಬದಲಾದಂತೆ ತೋರುತ್ತವೆ. ಯಾವ ಕಡೆಯ ರೆಕ್ಕೆ ತಗ್ಗಿ ಕಾಣುವುದೋ ಆ ಕಡೆಗೇ ಕಡ್ಡಿಯನ್ನು ಒತ್ತಿದರೆ ರೆಕ್ಕೆ ಮೇಲೇಳುತ್ತದೆಂಬ ಸೂತ್ರವನ್ನು ಕಂಠಪಾಠ ಮಾಡಿಸಿದರೆ ಈ ತೊಡಕು ಕಳೆಯುತ್ತದೆ. ಕಂಪ್ಯೂಟರಿನ ಅಭ್ಯಾಸ ತಂತ್ರಾಂಶದಲ್ಲಿ ಹತ್ತು ಗಂಟೆ ಪಳಗಿದ ಮಗುವಿಗೆ ಬಯಲಿನಲ್ಲಿ ಧೈರ್ಯ ತಾನಾಗಿ ಬರುತ್ತದೆ. ಅಲ್ಲಿ ನೂರು ಸಲ ಬೀಳಿಸಿದರೂ ಒಂದು ಕಾಸಿನ ನಷ್ಟವಿಲ್ಲ.

ಉಪಸಂಹಾರ

ಎನ್.ಸಿ.ಸಿ.ಯ ವಾಯುದಳ ವಿಭಾಗದಲ್ಲಿ ಮಾದರಿ ವಿಮಾನಗಳ ರಚನೆ ಹಾರಾಟಗಳು ತರಬೇತಿಯ ಅಂಗವೇ ಆಗಿವೆ. ಅಂತಹ ಸೌಕರ್ಯವಿಲ್ಲದ ಗ್ರಾಮಾಂತರ ಶಾಲೆಯೂ ರಟ್ಟಿನ ಗ್ಲೈಡರಿನಿಂದ ಆರಂಭಿಸಿ, ಕ್ರಮೇಣ ವಿದ್ಯುತ್ ವಿಮಾನಕ್ಕೆ ಏರಬಹುದು. ಪ್ರತಿ ಹಾರಾಟದ ದಿನಾಂಕ, ಗಾಳಿ, ಬ್ಯಾಟರಿಯ ವೋಲ್ಟು, ಕಂಡ ದೋಷ, ಮಾಡಿದ ಪರಿಹಾರ ಇವನ್ನು ಮಕ್ಕಳೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಅದು ಮುಂದಿನ ವರ್ಷದ ತರಗತಿಗೆ ದೊರೆಯುವ ಬೆಲೆಯುಳ್ಳ ಆಸ್ತಿ.

ವಿಮಾನ ಬಿದ್ದೇ ಬೀಳುತ್ತದೆ. ಬಿದ್ದಾಗ ಉಪಾಧ್ಯಾಯರು ಕೇಳಬೇಕಾದ ಪ್ರಶ್ನೆ ‘ಯಾರು ಬೀಳಿಸಿದರು?’ ಎಂಬುದಲ್ಲ, ‘ಯಾವ ಅಳತೆ ತಪ್ಪಿತು?’ ಎಂಬುದು. ಮೊದಲನೆಯ ಪ್ರಶ್ನೆಗೆ ಮಗು ತಲೆ ತಗ್ಗಿಸುತ್ತದೆ. ಎರಡನೆಯ ಪ್ರಶ್ನೆಗೆ ಅದು ರೆಕ್ಕೆಯ ಕೆಳಗೆ ಬೆರಳಿಟ್ಟು ಸಮತೋಲವನ್ನು ನೋಡುತ್ತದೆ, ತಂತಿಯನ್ನು ಮುಟ್ಟಿ ನೋಡುತ್ತದೆ, ಅಂಟನ್ನು ಹಚ್ಚಿ ಮರುದಿನ ಮತ್ತೆ ಬಯಲಿಗೆ ಬರುತ್ತದೆ. ದಾನಿಗಳು ಕೊಟ್ಟ ಹಣ ಸಾರ್ಥಕವಾಗುವುದು ಆ ಮರುದಿನದ ಬೆಳಗಿನಲ್ಲಿ.